ಶುಕ್ರವಾರ ಜೆರುಸಲೇಮ್ ತೋರಿಸಿದ ಟೂರ್: ಐದಕ್ಕೆ ಮೂರು ಸ್ಟಾರ್

ಕಂಪನಿ ಹೆಸರು ಬರೆಯುವುದಿಲ್ಲ. ಜಗಳ ಬೇಡ. ದಾಯಾದಿಗಳ ಜೊತೆ ಬೇಲಿ ವ್ಯಾಜ್ಯ ಅಂತ ಒಂದು ಕೇಸು ಹತ್ತೊಂಬತ್ತು ವರ್ಷದಿಂದ ನಡೀತಾ ಇದೆ, ನನಗೆ ಅದೇ ಸಾಕು.

ನಾನು ಕ್ರೈಸ್ತನಲ್ಲ. ತೀರ್ಥಹಳ್ಳಿ ಹತ್ತಿರ ನಾಲ್ಕು ಎಕರೆ ಅಡಿಕೆ ತೋಟ ಇರುವವನು. ಶಿವಮೊಗ್ಗದ ಗೆಳೆಯನೊಬ್ಬ ಚರ್ಚಿಗೆ ಹೋಗುವವನು. 'ಹೋಲಿ ಲ್ಯಾಂಡ್ ಟೂರಿಗೆ ಎರಡು ಸೀಟು ಖಾಲಿ ಇದೆ, ಬರ್ತೀರಾ' ಎಂದ. 2019ರ ಮಾರ್ಚ್. ಕೊಯ್ಲು ಮುಗಿದಿತ್ತು, ಅಡಿಕೆ ಕೊಟ್ಟ ದುಡ್ಡು ಕೈಯಲ್ಲಿತ್ತು. ನಾನೂ ಹೆಂಡತಿಯೂ ಹೊರಟೆವು. ತಲೆಗೆ 1,25,000 ರೂಪಾಯಿ. ಟಿಕೆಟ್, ವೀಸಾ, ಊಟ ಎಲ್ಲ ಸೇರಿ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಬಸ್ ಚೆನ್ನಾಗಿತ್ತು. ಹೋಟೆಲ್ ಕ್ಲೀನ್. ಸಸ್ಯಾಹಾರಿಗಳಿಗೆ ತೊಂದರೆಯೇ ಇಲ್ಲ. ಫಲಾಫೆಲ್ ಅಂದರೆ ಹೆಚ್ಚುಕಮ್ಮಿ ನಮ್ಮ ಕಡಲೆ ವಡೆ. ನಮ್ಮ ಜೊತೆ ಬಂದಿದ್ದ ಅಪ್ಪೆಮಿಡಿ ಬಾಟಲಿ ಮೂರನೇ ದಿನಕ್ಕೆ ಇಡೀ ಬಸ್ಸಿನ ಆಸ್ತಿ ಆಗಿಬಿಟ್ಟಿತು.

ಇನ್ನು ತಕರಾರು. ಕೊಟ್ಟ ಕಾರ್ಯಕ್ರಮ ಪಟ್ಟಿಯಲ್ಲಿ 'ಚಿನ್ನದ ಗುಮ್ಮಟದ ದರ್ಶನ' ಅಂತ ದಪ್ಪ ಅಕ್ಷರದಲ್ಲಿತ್ತು. ಜೆರುಸಲೇಮಿಗೆ ಸೇರಿದ್ದು ಗುರುವಾರ ರಾತ್ರಿ. ಗುಮ್ಮಟ ಇರುವುದು ಮುಸ್ಲಿಮರ ಪವಿತ್ರ ಆವರಣದಲ್ಲಿ. ಶುಕ್ರವಾರ ಮತ್ತು ಶನಿವಾರ ಬೇರೆಯವರನ್ನು ಆ ಆವರಣಕ್ಕೆ ಬಿಡುವುದಿಲ್ಲ. ಟೂರ್ ಮಾಡಿಸುವವರಿಗೆ ಇದು ಗೊತ್ತಿರಬೇಡವಾ? ಆಲಿವ್ ಗುಡ್ಡದ ಮೇಲೆ ನಿಲ್ಲಿಸಿ, 'ನೋಡಿ, ಅದೇ' ಎಂದು ಬೆರಳು ತೋರಿಸಿದರು. ಅದೇ ದರ್ಶನವಂತೆ.

ನಮ್ಮ ಜೆರುಸಲೇಮ್ ಗೈಡ್ ಯಹೂದಿ. ಅವನ ಅಜ್ಜಿ ಬಾಗ್ದಾದಿನಿಂದ ಎಲ್ಲ ಬಿಟ್ಟು ಬಂದವರು. ದೂರಕ್ಕೆ ಕಾಣುತ್ತಿದ್ದ ಆ ಆವರಣ ಎಷ್ಟು ದೊಡ್ಡದು ಎಂದು ಕೇಳಿದೆ. ಸುಮಾರು 35 ಎಕರೆ ಎಂದ. ಯಹೂದಿಗಳ ದೇವಾಲಯ ಅಲ್ಲೇ ಇತ್ತು, ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. 691-92ರ ಸುಮಾರಿಗೆ ಖಲೀಫ ಅಬ್ದುಲ್ ಮಲಿಕ್ ಅಲ್ಲಿ ಗುಮ್ಮಟ ಕಟ್ಟಿಸಿದ. ಅದರೊಳಗೆ ಒಂದು ಬಂಡೆ. ಅಬ್ರಹಾಂ ಮಗನನ್ನು ಬಲಿ ಕೊಡಲು ಹೋದದ್ದು ಅಲ್ಲಿ ಎಂದು ಯಹೂದಿಗಳು ನಂಬುತ್ತಾರೆ. ಪ್ರವಾದಿ ಸ್ವರ್ಗಕ್ಕೆ ಏರಿದ್ದು ಅಲ್ಲಿಂದ ಎಂದು ಮುಸ್ಲಿಮರು. ಒಂದೇ ಸರ್ವೆ ನಂಬರ್, ಎರಡು ಪಹಣಿ. 1967ರ ಯುದ್ಧದಲ್ಲಿ ಇಸ್ರೇಲ್ ಗೆದ್ದರೂ, ಒಳಗಿನ ಉಸ್ತುವಾರಿ ಇವತ್ತಿಗೂ ಜೋರ್ಡಾನ್ ನೋಡಿಕೊಳ್ಳುವ ವಕ್ಫ್‌ನದ್ದು. ಬಾಗಿಲ ಹೊರಗೆ ಇಸ್ರೇಲ್ ಪೊಲೀಸು.

ಶುಕ್ರವಾರ ಮಧ್ಯಾಹ್ನ ಯೇಸುವಿನ ಸಮಾಧಿಯ ಚರ್ಚು. ಇಡೀ ಪ್ರವಾಸದಲ್ಲಿ ದುಡ್ಡು ವಸೂಲಾದದ್ದು ಇಲ್ಲೇ. ಬಾಗಿಲ ಮೇಲೆ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ, ಒಂದು ಸಣ್ಣ ಮರದ ಏಣಿ ಇದೆ. ತೋಟದಲ್ಲಿ ಇಟ್ಟರೆ ಕಾಳುಮೆಣಸು ಕೊಯ್ಯಲೂ ಸಾಲದು. 1728ರ ಚಿತ್ರದಲ್ಲೂ ಅಲ್ಲಿ ಏಣಿ ಇದೆಯಂತೆ. ಯಾಕೆ ತೆಗೆದಿಲ್ಲ? ಚರ್ಚು ಆರು ಪಂಗಡಗಳ ಹಿಸ್ಸೆ. ಗ್ರೀಕ್, ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್ (ಈಜಿಪ್ಟಿನವರು), ಇಥಿಯೋಪಿಯನ್, ಸಿರಿಯನ್. ಏಣಿ ಎತ್ತಿದವರು ಕಟ್ಟೆ ತಮ್ಮದು ಎಂದ ಹಾಗಾಗುತ್ತದೆ. ತುರ್ಕಿ ಸುಲ್ತಾನರು 1757ರಲ್ಲಿ, ಮತ್ತೆ 1852ರಲ್ಲಿ ಹೊರಡಿಸಿದ ಆಜ್ಞೆ ಇಷ್ಟೇ: ಯಾರ ಅನುಭವದಲ್ಲಿ ಏನಿದೆಯೋ ಹಾಗೇ ಇರಲಿ. ಗೈಡ್ ಅದನ್ನು 'ಸ್ಟೇಟಸ್ ಕೋ' ಎಂದ. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಬೇಲಿ ಕೇಸಿನಲ್ಲಿ ಕೋರ್ಟು ಕೊಟ್ಟದ್ದೂ ಅದೇ, ಯಥಾಸ್ಥಿತಿ ಆದೇಶ. ಅವತ್ತಿನಿಂದ ನಮ್ಮ ಅಗಳದಲ್ಲಿ ಬಿದ್ದ ಒಂದು ಸೋಗೆಯನ್ನೂ ಯಾರೂ ಎತ್ತಿಲ್ಲ.

ಆ ಚರ್ಚಿನ ಮಾಳಿಗೆಯ ಮೇಲೆ ಇಥಿಯೋಪಿಯದ ಸನ್ಯಾಸಿಗಳ ಗುಡಿಸಲುಗಳಿವೆ. 2002ರ ಬೇಸಿಗೆಯಲ್ಲಿ ಒಬ್ಬ ಕಾಪ್ಟಿಕ್ ಸನ್ಯಾಸಿ ಬಿಸಿಲು ಜಾಸ್ತಿ ಅಂತ ತನ್ನ ಕುರ್ಚಿಯನ್ನು ನೆರಳಿಗೆ ಸರಿಸಿದ. ಹೊಡೆದಾಟ ಆಗಿ ಹನ್ನೊಂದು ಜನ ಆಸ್ಪತ್ರೆ ಸೇರಿದರು. ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕುರ್ಚಿ ಇವತ್ತು ಸರಿದರೆ ನಾಳೆ ಬೇಲಿ ಸರಿಯುತ್ತದೆ ಎಂಬ ಹೆದರಿಕೆ ಏನು ಅಂತ ನನಗೆ ಗೊತ್ತು.

ಜಗಳ ಇವರದ್ದು, ಚರ್ಚಿನ ಬೀಗದ ಕೈ ಮಾತ್ರ ಹೊರಗಿನವರ ಹತ್ತಿರ. ಶತಮಾನಗಳಿಂದ ಕೈ ಇಟ್ಟುಕೊಳ್ಳುವುದು ಒಂದು ಮುಸ್ಲಿಂ ಮನೆತನ, ಬಾಗಿಲು ತೆಗೆಯುವುದು ಇನ್ನೊಂದು ಮುಸ್ಲಿಂ ಮನೆತನ. ನಾನು ಗೈಡ್‌ಗೆ ನಮ್ಮ ಹಣಗೆರೆಕಟ್ಟೆ ವಿಷಯ ಹೇಳಿದೆ. ಒಂದೇ ಸೂರಿನ ಕೆಳಗೆ ದರ್ಗಾನೂ ಇದೆ, ಭೂತರಾಯ ಚೌಡೇಶ್ವರಿಯೂ ಇದೆ ಎಂದು ಸ್ವಲ್ಪ ಜಂಬದಿಂದಲೇ ಹೇಳಿದೆ. 'ಬೀಗದ ಕೈ ಯಾರ ಹತ್ತಿರ ಇದೆ?' ಎಂದು ಕೇಳಿದ. ಎಷ್ಟು ಸಲ ಹೋಗಿದ್ದೇನೆ, ಅದನ್ನು ಮಾತ್ರ ವಿಚಾರಿಸಿರಲಿಲ್ಲ.

ಶನಿವಾರ ಸಬ್ಬತ್, ಯಹೂದಿಗಳು ಯಾವ ಕೆಲಸವನ್ನೂ ಮಾಡದ ದಿನ. ಹೋಟೆಲಿನ ಒಂದು ಲಿಫ್ಟು ತಾನಾಗೇ ಪ್ರತಿ ಮಹಡಿಯಲ್ಲೂ ನಿಲ್ಲುತ್ತಿತ್ತು, ಆ ದಿನ ಬಟನ್ ಒತ್ತುವಂತಿಲ್ಲವಲ್ಲ. ಆ ಗುಮ್ಮಟದ ಆವರಣದ ಪಶ್ಚಿಮದ ಗೋಡೆ ಯಹೂದಿಗಳು ಪ್ರಾರ್ಥನೆ ಮಾಡುವ ಜಾಗ. ಅದರ ಹತ್ತಿರ ಹೆಂಡತಿ ಮೊಬೈಲ್ ತೆಗೆದಳು, ಯಾರೋ ಗದರಿದರು. ಇದನ್ನೂ ಕಂಪನಿಯವರು ಮೊದಲೇ ಹೇಳಿರಲಿಲ್ಲ. 1928ರಲ್ಲಿ ಇದೇ ಗೋಡೆಯ ಮುಂದೆ ಯಹೂದಿಗಳು ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಪರದೆ ನಿಲ್ಲಿಸಿದ್ದರು. ಇವತ್ತು ಪರದೆ, ನಾಳೆ ಕಟ್ಟಡ ಎಂದು ಮುಸ್ಲಿಮರು ತಕರಾರು ಮಾಡಿದರು. ಆಗ ಆಳುತ್ತಿದ್ದ ಬ್ರಿಟಿಷರ ಪೊಲೀಸರು ಬಂದು ಕಿತ್ತರು. ಗೋಡೆಯ ತಂಟೆ ಅಲ್ಲಿಗೆ ನಿಲ್ಲಲಿಲ್ಲ. ಮುಂದಿನ ವರ್ಷ ಗಲಭೆಯಾಗಿ ಎರಡೂ ಕಡೆ ಸೇರಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 1948ರಿಂದ 1967ರವರೆಗೆ, ಜೋರ್ಡಾನ್ ಕೈಯಲ್ಲಿದ್ದಾಗ, ಯಹೂದಿಗಳು ಗೋಡೆ ಹತ್ತಿರ ಬರುವ ಹಾಗಿರಲಿಲ್ಲ. ಇಸ್ರೇಲ್ ಕೈಗೆ ಬಂದ ಕೂಡಲೇ ಎದುರಿಗಿದ್ದ ಮುಸ್ಲಿಮರ ಮುಘ್ರಾಬಿ ಕೇರಿಯ ನೂರಕ್ಕೂ ಹೆಚ್ಚು ಮನೆ ಕೆಡವಿ ಅಂಗಳ ಮಾಡಿದರು. ನಾವು ನಿಂತಿದ್ದು ಆ ಅಂಗಳದಲ್ಲೇ. ಇದು ಗೈಡ್ ತಾನಾಗಿ ಹೇಳಿದ್ದಲ್ಲ. ನಾನು ಕೇಳಿದ ಮೇಲೆ, ಊಟದ ಹೊತ್ತಿನಲ್ಲಿ, ದನಿ ತಗ್ಗಿಸಿ ಹೇಳಿದ್ದು. ನಮ್ಮ ಟೂರ್ ಲೀಡರ್ ಮಾತ್ರ 'ಸುಮ್ನೆ ರಾಜಕೀಯ ಯಾಕೆ ಸಾರ್' ಎನ್ನುತ್ತಿದ್ದ. ಅಲ್ಲಿ ರಾಜಕೀಯ ಬಿಟ್ಟರೆ ನೋಡಲು ಉಳಿಯುವುದು ಲಿಫ್ಟು ಒಂದೇ.

ಮಧ್ಯಾಹ್ನ ಬೆತ್ಲೆಹೇಮ್. ಹತ್ತು ಕಿಲೋಮೀಟರೂ ಇಲ್ಲ. ಆದರೆ ನಡುವೆ ಎತ್ತರದ ಕಾಂಕ್ರೀಟ್ ಗೋಡೆ. ಪ್ಯಾಲೆಸ್ತೀನಿಯರ ಆಡಳಿತದ ಆ ಊರಿನೊಳಗೆ ಇಸ್ರೇಲ್ ಪ್ರಜೆಗಳು ಹೋಗುವ ಹಾಗಿಲ್ಲವಂತೆ, ನಮ್ಮ ಗೈಡ್ ಅಲ್ಲೇ ಇಳಿದ. ಒಬ್ಬ ಅರಬ್ ಕ್ರೈಸ್ತ ಹತ್ತಿಕೊಂಡ. ಮೊದಲಿನವನು ಇಸ್ರೇಲ್ ಹುಟ್ಟಿದ 1948ರ ಯುದ್ಧವನ್ನು 'ಸ್ವಾತಂತ್ರ್ಯ ಯುದ್ಧ' ಎಂದಿದ್ದ. ಇವನು 'ನಕ್ಬಾ' ಎಂದ. ಅಂದರೆ ಮಹಾ ವಿಪತ್ತು. ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡ ವರ್ಷ. ಇಬ್ಬರನ್ನೂ ಒಂದೇ ದಿನ ಕೇಳಿಸಿದ್ದಕ್ಕೆ, ಗೊತ್ತಿಲ್ಲದೇ ಮಾಡಿದ್ದಾದರೂ, ಕಂಪನಿಗೆ ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದೇನೆ.

ಆ ಅರ್ಧ ಸ್ಟಾರನ್ನು ಹೈಫಾದಲ್ಲಿ ಕಿತ್ತುಕೊಂಡೆ. 1918ರ ಸೆಪ್ಟೆಂಬರ್ 23ರಂದು ತುರ್ಕರಿಂದ ಆ ಊರನ್ನು ಗೆದ್ದವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರಿದ್ದರು. ಯಹೂದಿಗಳಿಗೆ ಪ್ಯಾಲೆಸ್ತೀನಿನಲ್ಲಿ ನೆಲೆ ಕೊಡಿಸುತ್ತೇವೆಂದು ಬ್ರಿಟಿಷರು ಬಾಲ್ಫೋರ್ ಪತ್ರ ಬರೆದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಹೈಫಾದಲ್ಲಿ ಭಾರತೀಯ ಸೈನಿಕರ ಸ್ಮಶಾನ ಇದೆ, ಹತ್ತು ನಿಮಿಷ ನಿಲ್ಲಿಸಿ ಎಂದೆ. 'ಲಿಸ್ಟಲ್ಲಿ ಇಲ್ಲ' ಎಂದರು. ಕನ್ನಡದವರನ್ನೇ ತುಂಬಿಕೊಂಡ ಬಸ್ಸು!

ಹೋಗುವವರಿಗೆ ಒಂದು ಮಾತು. ಗುಮ್ಮಟ ನೋಡಬೇಕಿದ್ದರೆ ಭಾನುವಾರದಿಂದ ಗುರುವಾರದೊಳಗೆ, ಬೆಳಿಗ್ಗೆ ಬೇಗ, ಗೋಡೆ ಪಕ್ಕದ ಮರದ ಸೇತುವೆ ಹತ್ತಿರ ಸಾಲು ನಿಲ್ಲಿ. ಭಾನುವಾರ ಬಸ್ ಹೊರಡುವ ಮೊದಲು ನಾನೂ ಹೆಂಡತಿಯೂ ಸ್ವಂತ ಟ್ಯಾಕ್ಸಿಯಲ್ಲಿ ಹೋಗಿಬಂದೆವು. ಸೇತುವೆ ಹತ್ತಿರ ಒಂದು ಬೋರ್ಡು: ಜಾಗ ಅಷ್ಟು ಪವಿತ್ರ, ಆದ್ದರಿಂದ ಯಹೂದಿಗಳು ಒಳಗೆ ಕಾಲಿಡಬಾರದು ಎಂದು ಅವರದೇ ಧರ್ಮಗುರುಗಳು ಹಾಕಿದ್ದು. ಅದನ್ನು ದಾಟಿ ಹೋಗುವ ಯಹೂದಿಗಳೂ ಇದ್ದರು, ಪೊಲೀಸರ ನಡುವೆ. ಗುಮ್ಮಟದೊಳಗೆ ನಮ್ಮನ್ನು ಬಿಡಲಿಲ್ಲ. ಹೊರಗೆ ಆಲಿವ್ ಮರದ ನೆರಳಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು.

ಊರಿಗೆ ಬಂದ ಮೇಲೆ ಕಂಪನಿಗೆ ಫೋನ್ ಮಾಡಿ, ಮುಂದಿನ ಬ್ಯಾಚಿಗಾದರೂ ವಾರ ಬದಲಾಯಿಸಿ ಎಂದೆ. ಗುರುವಾರದ ವಿಮಾನಕ್ಕೆ ರೇಟು ಕಮ್ಮಿ ಸಾರ್ ಎಂದರು.