ಥಾಯ್ಲೆಂಡ್‌ಗೆ ಸಾಂಗ್ ಶೂಟಿಂಗ್ ಹೋಗೋರು ದಯವಿಟ್ಟು ಓದಿ

ಕನ್ನಡ ಸಿನಿಮಾ ಒಂದರ ಹಾಡಿಗೆ ಅಂತ ನಮ್ಮ 14 ಜನರ ಯೂನಿಟ್ ಆಗಸ್ಟ್ ಮೊದಲ ವಾರ ಥಾಯ್ಲೆಂಡ್‌ಗೆ ಹೋಗಿತ್ತು, ಪ್ರೊಡಕ್ಷನ್ ಮ್ಯಾನೇಜರ್ ನಾನೇ. 6 ದಿನದ ಪ್ಲಾನು, ಕೈಗೆ ಸಿಕ್ಕಿದ್ದು ಒಂದೂವರೆ ದಿನದ ಫುಟೇಜ್. ನಿರ್ಮಾಪಕರು ಸಾಲ ಮಾಡಿ ಹಾಕಿದ್ದ ದುಡ್ಡು ಅದು, ಇನ್ನೊಬ್ಬರಿಗೆ ಹಿಂಗಾಗಬಾರದು ಅಂತ ಬರೀತಿದೀನಿ.

ಅಲ್ಲಿನ ಒಬ್ಬ ಏಜೆಂಟು ಫೋನಲ್ಲಿ ಹೇಳಿದ್ದಿಷ್ಟೇ, "ಟೂರಿಸ್ಟ್ ಥರ ಬನ್ನಿ ಸಾರ್, ಪರ್ಮಿಷನ್ ಎಲ್ಲಾ ನಾನ್ ನೋಡ್ಕೋತೀನಿ". ನಾನು ನಂಬಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಥಾಯ್ಲೆಂಡಲ್ಲಿ ಹೊರದೇಶದವರು ಶೂಟ್ ಮಾಡ್ಬೇಕಂದ್ರೆ ಅಲ್ಲಿನ ಫಿಲ್ಮ್ ಆಫೀಸಲ್ಲಿ ರಿಜಿಸ್ಟರ್ ಆಗಿರೋ ಲೋಕಲ್ ಕೋಆರ್ಡಿನೇಟರ್ ಮೂಲಕವೇ ಅರ್ಜಿ ಹಾಕ್ಬೇಕು, ಕಥೆ, ಲೊಕೇಶನ್, ಯಾವ ದಿನ ಎಲ್ಲಿ ಅನ್ನೋದು ಎಲ್ಲಾ ಕೊಡ್ಬೇಕು, ಶೂಟಿಂಗ್ ಜೊತೆ ಅವರ ಕಡೆಯ ಒಬ್ಬ ಅಧಿಕಾರಿನೂ ಇರ್ತಾರೆ. ವೀಸಾನೂ ಕೆಲಸದ್ದೇ ಬೇಕು. ನಮ್ಮ ಏಜೆಂಟು ರಿಜಿಸ್ಟರೇ ಆಗಿರ್ಲಿಲ್ಲ.

ಮೊದಲ ಪೆಟ್ಟು ಬಿದ್ದಿದ್ದು ಬ್ಯಾಂಕಾಕ್‌ನ ಸುವರ್ಣಭೂಮಿ ಏರ್‌ಪೋರ್ಟಲ್ಲೇ. ಕಸ್ಟಮ್ಸ್‌ನವರು ಪೆಟ್ಟಿಗೆ ತೆಗೆಸಿ ಒಂದೊಂದೇ ಲೆನ್ಸ್ ಎತ್ತಿ, ಮೊಬೈಲ್ ಟಾರ್ಚ್ ಹಿಡಿದು ಸೀರಿಯಲ್ ನಂಬರ್ ಓದಿ, ಲಿಸ್ಟ್ ಎಲ್ಲಿ ಅಂದ್ರು. ನಮ್ಮ ಹತ್ರ ಇದ್ದಿದ್ದು ರೆಂಟಲ್‌ನವರ ಡೆಲಿವರಿ ಚಲನ್ ಅಷ್ಟೇ, ಅದ್ರಲ್ಲಿ ಅರ್ಧಕ್ಕೆ ನಂಬರೇ ಇಲ್ಲ. ಡೆಪಾಸಿಟ್ ಕಟ್ಟಿ ಸಾಮಾನು ಬಿಡಿಸ್ಕೊಳ್ಳೋಕೆ ಒಂದೂವರೆ ದಿನ ಹೋಯ್ತು, ಹೀರೋಯಿನ್ ಹೋಟೆಲಲ್ಲಿ ಕಾಯ್ತಾ ಕೂತಿದ್ರು.

ಇದಕ್ಕೆ ಇರೋದೇ ಎಟಿಎ ಕಾರ್ನೆ, ಅಂದ್ರೆ ಸಾಮಾನನ್ನ ಸುಂಕ ಕಟ್ಟದೇ ಸ್ವಲ್ಪ ದಿನಕ್ಕೆ ಹೊರದೇಶಕ್ಕೆ ಒಯ್ದು ವಾಪಸ್ ತರೋಕೆ ಇರೋ ಕಸ್ಟಮ್ಸ್ ದಾಖಲೆ. ನಮ್ಮ ದೇಶದಲ್ಲಿ ಫಿಕ್ಕಿ ಅನ್ನೋ ವಾಣಿಜ್ಯ ಮಂಡಳಿಯವರು ಕೊಡ್ತಾರೆ, ಒಂದು ವರ್ಷ ನಡೆಯುತ್ತೆ, ಸೆಕ್ಯೂರಿಟಿ ಇಡ್ಬೇಕು. ಪ್ರತಿ ಐಟಂದೂ ಸೀರಿಯಲ್ ನಂಬರ್, ತೂಕ, ಬೆಲೆ ಬರೆಸ್ಬೇಕು. ಇಲ್ಲಿಂದ ಹೊರಡುವಾಗ, ಅಲ್ಲಿ ಇಳಿದಾಗ, ಅಲ್ಲಿಂದ ವಾಪಸ್ ಹೊರಡುವಾಗ, ಇಲ್ಲಿ ಇಳಿದಾಗ, ನಾಲ್ಕೂ ಕಡೆ ಸೀಲ್ ಹಾಕಿಸ್ಲೇಬೇಕು, ಒಂದು ತಪ್ಪಿದ್ರೂ ಆಮೇಲೆ ಸುಂಕದ ನೋಟಿಸ್ ಬರಬಹುದು. ನಾವು ಅದನ್ನೂ ಮಾಡ್ಸಿರ್ಲಿಲ್ಲ, ಹೊರಡುವಾಗ ನಮ್ಮ ಕಸ್ಟಮ್ಸ್ ಹತ್ರ ಎಕ್ಸ್‌ಪೋರ್ಟ್ ಸರ್ಟಿಫಿಕೇಟೂ ತಗೊಂಡಿರ್ಲಿಲ್ಲ, ಅದಕ್ಕೇ ವಾಪಸ್ ಬೆಂಗಳೂರಲ್ಲಿ ಇಳಿದಾಗ ಇದು ಇಲ್ಲಿಂದಲೇ ಹೋದ ಕ್ಯಾಮೆರಾ ಅಂತ ಸಾಬೀತು ಮಾಡೋಕೆ ಇನ್ನೂ 3 ಗಂಟೆ ನಿಂತ್ವಿ.

ಬ್ಯಾಟರಿನೂ ನೋಡ್ಕೊಳ್ಳಿ, ಸ್ಪೇರ್ ಇರೋದೆಲ್ಲಾ ಹ್ಯಾಂಡ್ ಬ್ಯಾಗಲ್ಲೇ ಇರ್ಬೇಕು, 100ರಿಂದ 160 ವ್ಯಾಟ್-ಅವರ್‌ದಾದ್ರೆ ಏರ್‌ಲೈನ್ ಒಪ್ಪಿಗೆ ಬೇಕು, ಒಬ್ಬರಿಗೆ ಎರಡೇ.

ಆಮೇಲೆ ದಕ್ಷಿಣ ಥಾಯ್ಲೆಂಡಿನ ಕರಾವಳಿ ಊರು ಕ್ರಾಬಿಗೆ ಹೋದ್ವಿ. ಡೈರೆಕ್ಟರ್‌ಗೆ ಅಲ್ಲಿನ ಮಾಯಾ ಬೇ ಅನ್ನೋ ಬೀಚೇ ಬೇಕಿತ್ತು, ಏಜೆಂಟು ಆಗುತ್ತೆ ಅಂದಿದ್ದ. ಆದ್ರೆ ಆ ಬೀಚು ಟೂರಿಸ್ಟ್‌ಗಳಿಂದ ಹಾಳಾಗಿ 2018ರಲ್ಲಿ ಮುಚ್ಚಿ 2022ರಲ್ಲಿ ತೆರೆದಿದ್ದು, ಈಗ ಪ್ರತಿ ವರ್ಷ ಆಗಸ್ಟ್-ಸೆಪ್ಟೆಂಬರ್ ಪೂರ್ತಿ ಮುಚ್ಚಿರುತ್ತೆ, ಇದು ಅಲ್ಲಿನ ದೋಣಿಯವರಿಗೆಲ್ಲಾ ಗೊತ್ತು. ನಾನು ಒಂದು ಸಲ ವಿಚಾರಿಸಿದ್ರೆ ಸಾಕಿತ್ತು. ಆ ಕಡೆ ಮೇಯಿಂದ ಅಕ್ಟೋಬರ್‌ವರೆಗೆ ಮಳೆಗಾಲ ಬೇರೆ, ಅಲೆ ನೋಡಿ ಎರಡು ದಿನ ದೋಣಿನೇ ಬಿಡ್ಲಿಲ್ಲ. ಇನ್ನೊಂದು ಬದಿಯ ಕೊಹ್ ಸಮುಯಿ ದ್ವೀಪದ ಕಡೆ ಲೆಕ್ಕ ಉಲ್ಟಾ, ಅಲ್ಲಿ ಜೋರು ಮಳೆ ಅಕ್ಟೋಬರಿಂದ ಡಿಸೆಂಬರ್‌ಗೆ, ಹಾಗಾಗಿ ಥಾಯ್ಲೆಂಡ್ ಸೀಸನ್ ಅಂತ ಒಟ್ಟಾಗಿ ಡೇಟ್ಸ್ ಕೊಡ್ಬೇಡಿ.

ಐದನೇ ದಿನ ಬಿಸಿಲು ಬಂತು, ಬೇರೆ ಬೀಚಲ್ಲಿ ಪಲ್ಲವಿ ಶುರು ಮಾಡಿದ್ವಿ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ನ್ಯಾಷನಲ್ ಪಾರ್ಕಿನ ರೇಂಜರ್ ಬಂದು ಪರ್ಮಿಟ್ ಕೇಳಿದ್ರು. ಏಜೆಂಟಿನ ಫೋನ್ ಸ್ವಿಚ್ಡ್ ಆಫ್. ಪ್ಲೇಬ್ಯಾಕ್ ನಿಲ್ಲಿಸಿ, ಡಾನ್ಸರ್ ಹುಡುಗೀರು ಮರಳಲ್ಲೇ ಕೂತ್ಬಿಟ್ರು, ನನಗೆ ಅವರ ಮುಖ ನೋಡೋಕಾಗ್ಲಿಲ್ಲ. ಅಲ್ಲಿಗೆ ಪ್ಯಾಕಪ್.

ಉಳಿದ ಚರಣ ಡಿಸೆಂಬರಲ್ಲಿ ಮಲ್ಪೆಲಿ ಮುಗಿಸಿದ್ವಿ.

ಯಾರಾದ್ರೂ ಹೊರಟಿದ್ರೆ ಕೋಆರ್ಡಿನೇಟರ್ ಹತ್ರ ಅವರ ರಿಜಿಸ್ಟ್ರೇಷನ್ ಕಾಪಿ ತರಿಸ್ಕೊಂಡು ಫಿಲ್ಮ್ ಆಫೀಸಿಗೆ ನೀವೇ ಮೇಲ್ ಹಾಕಿ ಕೇಳಿ, ನಿಮ್ಮ ಸಿನಿಮಾ ಹೆಸರಿರೋ ಪರ್ಮಿಟ್ ಕೈಗೆ ಬರೋವರೆಗೂ ಅಡ್ವಾನ್ಸ್ ಕೊಡ್ಬೇಡಿ, ಟಿಕೆಟ್ಟೂ ಮಾಡ್ಬೇಡಿ.