ತೂಕ ಇಳಿಯೋದು ನಿಂತಿದೆಯೇ? ಮೊದಲು ಅಡುಗೆಮನೆಗೊಂದು ಡಿಜಿಟಲ್ ತಕ್ಕಡಿ ತನ್ನಿ

ಲೋ ಕಾರ್ಬ್ ಡಯಟ್, ಅಂದರೆ ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್ (ಕಾರ್ಬ್) ತಗ್ಗಿಸುವ ಊಟ, ಶುರು ಮಾಡಿದ ಮೊದಲ ಹತ್ತು ದಿನದಲ್ಲಿ ಎರಡು ಮೂರು ಕಿಲೋ ಸಲೀಸಾಗಿ ಇಳಿಯುತ್ತದೆ. ಆಮೇಲೆ ವಾರಕ್ಕೆ ಅರ್ಧ ಕಿಲೋ. ಮೂರನೆಯದೋ ನಾಲ್ಕನೆಯದೋ ತಿಂಗಳಲ್ಲಿ ಮುಳ್ಳು ಅಲ್ಲೇ ನಿಂತುಬಿಡುತ್ತದೆ. ಆಗ ಜನ ದುಡ್ಡು ಹಾಕುವುದು ಸಾಮಾನ್ಯವಾಗಿ ಮೂರು ವಸ್ತುಗಳಿಗೆ: ಮೂತ್ರ ಪರೀಕ್ಷೆಯ ಕೀಟೋನ್ ಸ್ಟ್ರಿಪ್ (ಕೀಟೋನ್ ಅಂದರೆ ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ವಸ್ತು), ಕೀಟೋ ಹಿಟ್ಟು (ಬಾದಾಮಿ ಹಿಟ್ಟಿನಂಥ ಕಾರ್ಬ್ ಕಡಿಮೆ ಇರುವ ಹಿಟ್ಟು), ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮೂರರಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ತಕ್ಕಡಿ. ಆನ್‌ಲೈನ್‌ನಲ್ಲಿ ನಾನೂರು ರೂಪಾಯಿ ಆಸುಪಾಸಿಗೆ ಸಿಗುವ, ಹತ್ತು ಕಿಲೋವರೆಗೆ ತೂಗುವ, ಒಂದೊಂದು ಗ್ರಾಂ ತೋರಿಸುವ ಆ ಬಿಳಿ ಪ್ಲಾಸ್ಟಿಕ್ ತಕ್ಕಡಿಯ ಬಗ್ಗೆಯೇ ಈ ವಿಮರ್ಶೆ. ಬೇರೆ ಬೇರೆ ಹೆಸರಿನಲ್ಲಿ ಮಾರಿದರೂ ಬಹುಪಾಲು ಒಂದೇ ಬಗೆಯವು.

ಕೊಳ್ಳುವ ಮೊದಲು ತೂಕ ನಿಜವಾಗಿ ನಿಂತಿದೆಯೇ ನೋಡಿಕೊಳ್ಳಿ. ಮೊದಲ ವಾರ ಇಳಿದದ್ದು ಹೆಚ್ಚಾಗಿ ನೀರು. ದೇಹ ಕಾರ್ಬನ್ನು ಲಿವರ್ ಮತ್ತು ಮಾಂಸಖಂಡದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ಬಿಟ್ಟಾಗ ಅದು ಖಾಲಿಯಾಗಿ ನೀರೂ ಹೊರಟುಹೋಗುತ್ತದೆ. ಆ ವೇಗ ಮತ್ತೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಇನ್ನು ಉಪ್ಪಿನಕಾಯಿ ಜಾಸ್ತಿ ತಿಂದರೆ, ಮಲಬದ್ಧತೆಯಾದರೆ, ಮುಟ್ಟಿನ ಹಿಂದಿನ ವಾರವಾದರೆ ಒಂದೆರಡು ಕಿಲೋ ಏರಿಳಿತ ಮಾಮೂಲು. ದಿನಾ ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮೊದಲು ತೂಗಿ, ಏಳು ದಿನದ ಸರಾಸರಿ ಬರೆದಿಡಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ವಾರಕ್ಕೊಮ್ಮೆ ಸುತ್ತಳತೆ ನೋಡಿ. ಸರಾಸರಿಯೂ ಸುತ್ತಳತೆಯೂ ನಾಲ್ಕು ವಾರ ಅಲುಗದಿದ್ದರೆ ಮಾತ್ರ ಅದು ನಿಂತ ತೂಕ. ಮುಟ್ಟಾಗುವ ಹೆಂಗಸರು ಈ ವಾರವನ್ನು ಹಿಂದಿನ ವಾರದ ಜೊತೆ ಹೋಲಿಸಬಾರದು, ಹಿಂದಿನ ತಿಂಗಳ ಇದೇ ವಾರದ ಜೊತೆ ಹೋಲಿಸಬೇಕು.

ನಿಲ್ಲುವುದಕ್ಕೆ ಕಾರಣ ಸರಳ. ಒಂದು ಕಿಲೋ ಇಳಿದರೆ ದೇಹದ ದಿನದ ಖರ್ಚು ಸುಮಾರು ಇಪ್ಪತ್ತರಿಂದ ಮೂವತ್ತು ಕ್ಯಾಲೊರಿ ತಗ್ಗುತ್ತದೆ. ಹತ್ತು ಕಿಲೋ ಇಳಿಸಿದವರಿಗೆ ದಿನಕ್ಕೆ ಇನ್ನೂರೈವತ್ತು ಕ್ಯಾಲೊರಿಯಷ್ಟು ಕಡಿಮೆ ಸಾಕು. ಅದೇ ಹೊತ್ತಿಗೆ ಹಸಿವು ಹೆಚ್ಚುತ್ತದೆ, ಬಡಿಸುವ ಕೈ ತಾನಾಗಿಯೇ ಧಾರಾಳವಾಗುತ್ತದೆ. ಮೊದಲ ತಿಂಗಳು ಚಮಚ ಲೆಕ್ಕ ಹಾಕಿ ಹಾಕಿದ ತುಪ್ಪ ನಾಲ್ಕನೇ ತಿಂಗಳಿಗೆ ಕಣ್ಣಂದಾಜು. 2018ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್‌ನ ಅಧ್ಯಯನದಲ್ಲಿ 609 ಜನರನ್ನು ಒಂದು ವರ್ಷ ಗಮನಿಸಿದರು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಕಾರ್ಬ್ ಕಡಿಮೆ ಮಾಡಿದವರು 6.0 ಕಿಲೋ ಇಳಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸವಲ್ಲ. ಕಾರ್ಬ್ ಬಿಟ್ಟ ಮಾತ್ರಕ್ಕೆ ಎಣ್ಣೆ, ತುಪ್ಪ, ಬೀಜಗಳ ಲೆಕ್ಕ ಇಡುವುದು ತಪ್ಪುವುದಿಲ್ಲ.

ಈಗ ತಕ್ಕಡಿಗೆ ಬರೋಣ. ಐದು ಕಿಲೋ ಸಾಮರ್ಥ್ಯದ್ದಕ್ಕಿಂತ ಹತ್ತು ಕಿಲೋದ್ದು ಒಳ್ಳೆಯದು, ಏಕೆಂದರೆ ಸಾಂಬಾರು ತುಂಬಿದ ಕುಕ್ಕರ್ ನಾಲ್ಕು ಕಿಲೋ ಸುಲಭವಾಗಿ ಮುಟ್ಟುತ್ತದೆ. 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ನಮ್ಮ ಕೆಲಸಕ್ಕೆ ಬೇಡ. ಅದರ ಮೇಲೆ ಒಂದು ಬಟ್ಟಲು ಇಟ್ಟರೇ ಮಿತಿ ಮುಗಿಯಿತು. ಬಂದ ದಿನವೇ ಪರೀಕ್ಷೆ ಮಾಡಿ. ಹತ್ತು ರೂಪಾಯಿಯ ಹತ್ತು ನಾಣ್ಯ ಒಟ್ಟಿಗಿಟ್ಟರೆ 77 ಗ್ರಾಂ ತೋರಿಸಬೇಕು, ಒಂದು ಗ್ರಾಂ ಆಚೀಚೆ ಪರವಾಗಿಲ್ಲ. ಆಮೇಲೆ ಹಾಲಿನ ಪ್ಯಾಕೆಟ್ ಇಡಿ: ಮೇಲೆ ಬರೆದ ಮಿಲಿಲೀಟರನ್ನು 1.03ರಿಂದ ಗುಣಿಸಿದರೆ ಬರುವಷ್ಟು ಗ್ರಾಂ, ಜೊತೆಗೆ ಕವರಿನ ಎರಡು ಮೂರು ಗ್ರಾಂ. ಅರ್ಧ ಲೀಟರಿನದ್ದು 515ರಿಂದ 520ರ ಒಳಗಿರಬೇಕು. ಅದೇ ಪ್ಯಾಕೆಟನ್ನು ತಟ್ಟೆಯ ನಡುವೆ, ನಾಲ್ಕು ಅಂಚಿನಲ್ಲಿ ಇಟ್ಟು ನೋಡಿ. ಅಂಚಿಗೊಂದು ನಡುವಿಗೊಂದು ಸಂಖ್ಯೆ ಬಂದು ಐದಾರು ಗ್ರಾಂ ವ್ಯತ್ಯಾಸವಿದ್ದರೆ ವಾಪಸ್ ಕಳಿಸಿ.

ಈ ಅಗ್ಗದ ತಕ್ಕಡಿಗಳಲ್ಲಿ ಒಂದು ದೋಷವಿದೆ, ಅದು ತಿಳಿಯದಿದ್ದರೆ ಲೆಕ್ಕ ಪೂರ್ತಿ ಸುಳ್ಳಾಗುತ್ತದೆ. ಸೊನ್ನೆಯ ಹತ್ತಿರದ ಸಣ್ಣ ಏರುಪೇರನ್ನು ತಾವೇ ಅಳಿಸಿ ಮತ್ತೆ ಸೊನ್ನೆ ಮಾಡಿಕೊಳ್ಳುವ ಗುಣ ಇವುಗಳಲ್ಲಿ ಹಲವಕ್ಕಿದೆ. ಬಟ್ಟಲಿಟ್ಟು ಸೊನ್ನೆ ಮಾಡಿ ಎಣ್ಣೆಯನ್ನು ನಿಧಾನವಾಗಿ ಸಣ್ಣ ಧಾರೆಯಲ್ಲಿ ಬಿಟ್ಟರೆ ನಾಲ್ಕೈದು ಗ್ರಾಂ ಬಿದ್ದರೂ ಪರದೆಯ ಮೇಲೆ 0 ಅಂತಲೇ ಇರುತ್ತದೆ. ಇದಕ್ಕೆ ಉಪಾಯ ಉಲ್ಟಾ ತೂಗುವುದು. ತುಪ್ಪದ ಮಿಳ್ಳೆಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡುವ ‘ಟೇರ್’ ಗುಂಡಿ ಒತ್ತಿ, ಎತ್ತಿಕೊಂಡು ಒಗ್ಗರಣೆಗೆ ಸುರಿದು, ಮತ್ತೆ ಅಲ್ಲೇ ಇಡಿ. ಪರದೆಯ ಮೇಲೆ -14 ಬಂದರೆ ಬಾಣಲೆಗೆ ಹೋದದ್ದು ಹದಿನಾಲ್ಕು ಗ್ರಾಂ, ಅಂದರೆ ಸುಮಾರು 125 ಕ್ಯಾಲೊರಿ. ಚಮಚ ತೊಳೆಯುವ ಕೆಲಸವೂ ಇಲ್ಲ. ಎಣ್ಣೆ ಕ್ಯಾನು, ಬೆಣ್ಣೆ ಡಬ್ಬ, ಕಡಲೆಕಾಯಿ ಬೀಜದ ಡಬ್ಬ ಎಲ್ಲಕ್ಕೂ ಇದೇ ದಾರಿ.

ಇನ್ನುಳಿದ ತೊಂದರೆಗಳು ಸಣ್ಣವು. ‘ಯುನಿಟ್’ ಗುಂಡಿಗೆ ಬೆರಳು ತಾಗಿ ಗ್ರಾಂ ಹೋಗಿ ಔನ್ಸ್ ಬಂದುಬಿಡುತ್ತದೆ. ಸಂಖ್ಯೆ ಇದ್ದಕ್ಕಿದ್ದಂತೆ ಚಿಕ್ಕದಾದರೆ ಅದನ್ನೇ ನೋಡಿ. ಮಿಲಿಲೀಟರ್ ತೋರಿಸುವ ಆಯ್ಕೆ ನೀರಿನ ಲೆಕ್ಕದ್ದು, ಎಣ್ಣೆಗೆ ಹೊಂದುವುದಿಲ್ಲ. ಅಗಲವಾದ ಪಾತ್ರೆ ಇಟ್ಟರೆ ಪರದೆ ಮುಚ್ಚಿಹೋಗುತ್ತದೆ, ಅದಕ್ಕೆ ಒಂದು ಬಟ್ಟಲನ್ನು ಬೋರಲು ಹಾಕಿ, ಸೊನ್ನೆ ಮಾಡಿ, ಅದರ ಮೇಲೆ ಪಾತ್ರೆ ಇಡಿ. ಬಿಸಿ ಪಾತ್ರೆಯನ್ನು ನೇರವಾಗಿ ಇಡಬೇಡಿ. ಕೆಳಗಿನ ಸೆನ್ಸರ್ ಕಾದರೆ ಸಂಖ್ಯೆ ಜಾರುತ್ತದೆ, ನಡುವೆ ಮರದ ಹಲಗೆ ಇರಲಿ. ಒಂದೆರಡು ನಿಮಿಷ ಸುಮ್ಮನಿದ್ದರೆ ತಾನೇ ಆಫ್ ಆಗಿ ನೀವು ಮಾಡಿದ ಸೊನ್ನೆ ಮರೆತುಬಿಡುತ್ತದೆ. ಹಾಗಾಗಿ ದಿನಾ ಬಳಸುವ ಪಾತ್ರೆಗಳ ಖಾಲಿ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಮನೆಮಂದಿಗೆಲ್ಲ ಸೇರಿ ಅಡುಗೆ ಮಾಡುವ ನಮ್ಮಂಥ ಕಡೆ ಆ ಚೀಟಿಯೇ ದೊಡ್ಡ ಆಸ್ತಿ.

ಏಕೆಂದರೆ ಒಬ್ಬರಿಗೇ ಬೇರೆ ಅಡುಗೆ ಮಾಡುವುದು ಆಗದ ಮಾತು. ಹುರುಳಿಕಾಯಿ ಪಲ್ಯವನ್ನೇ ನೋಡಿ. ಹೆಚ್ಚಿದ ಕಾಯಿ 400 ಗ್ರಾಂ, ತೆಂಗಿನ ತುರಿ 60, ಎಣ್ಣೆ 20. ಬೆಂದ ಮೇಲೆ ಪಾತ್ರೆ ಸಮೇತ ತೂಗಿ ಖಾಲಿ ತೂಕ ಕಳೆದರೆ 430 ಬಂತು ಅನ್ನಿ. ನಿಮ್ಮ ತಟ್ಟೆಗೆ 150 ಬಿತ್ತು, ಅಂದರೆ ಶೇಕಡ 35. ನಿಮ್ಮ ಪಾಲಿನ ಎಣ್ಣೆ 7 ಗ್ರಾಂ, ತೆಂಗು 21 ಗ್ರಾಂ, ಕಾಯಿ 140 ಗ್ರಾಂ. ಎಲ್ಲ ಸೇರಿ ಸುಮಾರು 180 ಕ್ಯಾಲೊರಿ. ಅದರಲ್ಲಿ ತರಕಾರಿಯದ್ದು ನಲವತ್ತು ಚಿಲ್ಲರೆ, ಉಳಿದದ್ದೆಲ್ಲ ಎಣ್ಣೆ ಮತ್ತು ತೆಂಗಿನದ್ದು. ಮಾಂಸವನ್ನೂ ಧಾನ್ಯವನ್ನೂ ಹಸಿಯಾಗಿದ್ದಾಗಲೇ ತೂಗಿ. ಕೋಳಿ ಬೆಂದರೆ ಕಾಲು ಭಾಗದಷ್ಟು ತೂಕ ಕಳೆದುಕೊಳ್ಳುತ್ತದೆ, ಅನ್ನ ಮೂರು ಪಟ್ಟಾಗುತ್ತದೆ. ಪೋಷಕಾಂಶದ ಅಂಕಿಗಳಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಭಾರತೀಯ ಆಹಾರ ಕೋಷ್ಟಕಗಳನ್ನು ನಂಬಬಹುದು. ಅದರಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ.

ಮೊದಲ ಐದು ದಿನ ಊಟದಲ್ಲಿ ಏನೂ ಬದಲಿಸದೆ ತೂಗಿ ಬರೆಯುವುದಷ್ಟೇ ಕೆಲಸ. ಈ ಐದು ದಿನ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಹೆಚ್ಚಾಗಿ ಸಿಕ್ಕಿಬೀಳುವುದು ಇವು: ಸಂಜೆಯ ‘ಒಂದು ಹಿಡಿ’ ಕಡಲೆಕಾಯಿ ಬೀಜ, ತೂಗಿದರೆ 45 ಗ್ರಾಂ, ಸುಮಾರು 255 ಕ್ಯಾಲೊರಿ. ಗೋಡಂಬಿಯಾದರೆ ನೂರು ಗ್ರಾಮಿಗೆ 30 ಗ್ರಾಂ ಕಾರ್ಬ್ ಬೇರೆ. ಸಕ್ಕರೆ ಇಲ್ಲದ ಕಾಫಿ ಅಂದುಕೊಂಡು ದಿನಕ್ಕೆ ಮೂರು ಸಲ ಕುಡಿಯುವ ನೂರು ನೂರು ಮಿಲಿ ಹಾಲಿನಲ್ಲೇ 14, 15 ಗ್ರಾಂ ಕಾರ್ಬ್ ಇದೆ. ಚಟ್ನಿಗೆ ತೆಂಗಿನ ಜೊತೆ ಸೇರಿಸುವ ಹುರಿಗಡಲೆ ಅರ್ಧಕ್ಕಿಂತ ಹೆಚ್ಚು ಕಾರ್ಬೇ. ಕಾಫಿಗೆ ಒಂದು ದೊಡ್ಡ ಚಮಚ ಬೆಣ್ಣೆ, ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಹಾಕಿ ಕುಡಿಯುವವರು 220 ಕ್ಯಾಲೊರಿ ಕುಡಿದಿರುತ್ತಾರೆ. ಮತ್ತೆ ರಾಗಿ. ನಾರು, ಕ್ಯಾಲ್ಸಿಯಂ ಎಲ್ಲ ಇದೆ, ಒಳ್ಳೆಯ ಧಾನ್ಯ, ಆದರೆ ಲೋ ಕಾರ್ಬ್ ಅಲ್ಲ. 80 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ ಐವತ್ತು ಗ್ರಾಮಿಗಿಂತ ಹೆಚ್ಚು ಕಾರ್ಬ್. ಜೋಳದ ರೊಟ್ಟಿಯ ಕಥೆಯೂ ಅದೇ.

ಆರನೇ ದಿನದಿಂದ ದಿನಕ್ಕೆ 200ರಿಂದ 300 ಕ್ಯಾಲೊರಿ ತೆಗೆಯಿರಿ, ಮೇಲೆ ಹಾಕುವ ಕೊಬ್ಬಿನಿಂದ ಮತ್ತು ಬೀಜಗಳಿಂದ. ಪ್ರೋಟೀನ್ ಮುಟ್ಟಬೇಡಿ. ತಲುಪಬೇಕೆಂದಿರುವ ತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. 65 ಕಿಲೋ ಗುರಿಯಿದ್ದರೆ 80ರಿಂದ 100 ಗ್ರಾಂ. ಸಸ್ಯಾಹಾರಿಗಳ ತೂಕ ಬೇಗ ನಿಲ್ಲುವುದು ಬಹಳ ಸಲ ಪ್ರೋಟೀನ್ ಸಾಲದೆ. ಅವರಿಗೆ ಅದು ಸಿಗುವುದು ಹೀಗೆ: 150 ಗ್ರಾಂ ಪನೀರಿನಿಂದ 27 ಗ್ರಾಂ, ಒಣ ಸೋಯಾ ಚಂಕ್ಸ್ 50 ಗ್ರಾಮಿನಿಂದ 26, ಮುನ್ನೂರು ಗ್ರಾಂ ಮೊಸರಿನಿಂದ ಹತ್ತರಷ್ಟು. ಇವನ್ನು ಮೊದಲು ತಟ್ಟೆಗೆ ತೂಗಿ ಹಾಕಿಕೊಂಡರೆ ಕಡಲೆಕಾಯಿ ಡಬ್ಬದ ಕಡೆ ಕೈ ಹೋಗುವುದು ಕಡಿಮೆಯಾಗುತ್ತದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಎರಡು ಮೂರು ವಾರ ಹೀಗೆ ನಡೆಸಿದರೆ ಸರಾಸರಿ ಅಲುಗಬೇಕು.

ಕೀಟೋನ್ ಸ್ಟ್ರಿಪ್ ಈ ಕೆಲಸಕ್ಕೆ ಬೇಡ. ಅದು ಹಿಡಿಯುವುದು ಮೂತ್ರದಲ್ಲಿನ ಅಸಿಟೋಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು ಮಾತ್ರ, ರಕ್ತದಲ್ಲಿ ಹೆಚ್ಚಾಗಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಇನ್ನೊಂದು ಬಗೆಯನ್ನಲ್ಲ. ಡಯಟ್ ಹಳೆಯದಾದಂತೆ ಬಣ್ಣ ತಿಳಿಯಾಗುತ್ತದೆ, ನೀರು ಜಾಸ್ತಿ ಕುಡಿದರೂ ತಿಳಿಯಾಗುತ್ತದೆ, ಮಳೆಗಾಲದಲ್ಲಿ ಮುಚ್ಚಳ ಸಡಿಲ ಬಿಟ್ಟರೆ ಸ್ಟ್ರಿಪ್ಪೇ ಕೆಡುತ್ತದೆ. ಕಡುನೇರಳೆ ಬಂದರೂ ಆ ಕೀಟೋನ್ ಹೊಟ್ಟೆಯ ಕೊಬ್ಬಿನದ್ದೋ ಬೆಳಗಿನ ತುಪ್ಪದ್ದೋ ಅದು ಹೇಳಲಾರದು.

ಕೀಟೋ ಹಿಟ್ಟನ್ನು ಲೇಬಲ್ ನೋಡಿ ಕೊಳ್ಳಿ, ‘ಒಂದು ಸರ್ವಿಂಗ್‌ಗೆ’ ಎಂಬ ಸಾಲು ಬಿಟ್ಟು ‘100 ಗ್ರಾಮಿಗೆ’ ಎಂಬ ಸಾಲು. ಬಾದಾಮಿ ಹಿಟ್ಟಿನಲ್ಲಿ ಕಾರ್ಬ್ ಕಡಿಮೆ ಇರುವುದು ನಿಜ, ಆದರೆ ಅರವತ್ತು ಗ್ರಾಂ ಹಿಟ್ಟಿನ ಎರಡು ರೊಟ್ಟಿಗೆ 350 ಕ್ಯಾಲೊರಿ. ಅಷ್ಟರಲ್ಲಿ ತಲಾ ಮೂವತ್ತು ಗ್ರಾಂ ಗೋಧಿ ಹಿಟ್ಟಿನ ಮೂರು ಚಪಾತಿ ಮುಗಿದು ಇನ್ನೂ ಸ್ವಲ್ಪ ಉಳಿಯುತ್ತದೆ. ರೊಟ್ಟಿ ಬಿಟ್ಟಿರಲಾರದವರಿಗೆ ವಾರಕ್ಕೆರಡು ಸಲ ಸರಿ, ದಿನಾ ತಿಂದು ತೂಕ ನಿಂತಿದ್ದರೆ ಕಾರಣ ಅದೇ ಇರಬಹುದು.

ತಕ್ಕಡಿ ಎಲ್ಲರಿಗೂ ಅಲ್ಲ. ತಿನ್ನುವುದರ ಬಗ್ಗೆ ಅತಿಯಾದ ಭಯ, ಹಸಿದುಕೊಂಡಿರುವ ಹಠ, ತಿಂದು ವಾಂತಿ ಮಾಡುವ ಅಭ್ಯಾಸ ಹಿಂದೆ ಇದ್ದವರು ಗ್ರಾಂ ಲೆಕ್ಕಕ್ಕೆ ಇಳಿಯಲೇಬಾರದು. ಬಸುರಿಯರು, ಹಾಲೂಡಿಸುವವರು ಕೂಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಊಟ ತಗ್ಗಿಸಿದಾಗ ಶುಗರ್ ಏಕಾಏಕಿ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ನುಂಗುವವರಿಗೆ ಲೋ ಕಾರ್ಬ್ ಊಟದಲ್ಲಿ ಕೀಟೋಅಸಿಡೋಸಿಸ್ (ಕೀಟೋನ್ ವಿಪರೀತ ಹೆಚ್ಚಿ ರಕ್ತ ಆಮ್ಲೀಯವಾಗುವುದು) ಅಪಾಯವಿದೆ, ಶುಗರ್ ಮಾಮೂಲಿ ಇದ್ದಾಗಲೂ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ನೇರ ಆಸ್ಪತ್ರೆಗೆ. ಸರಿಯಾಗಿ ತೂಗಿ ತಿಂದು ಆರು ವಾರವಾದರೂ ತೂಕ ಕದಲದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ. ಸ್ಟೀರಾಯ್ಡ್‌ನಂಥ ಕೆಲವು ಔಷಧಗಳೇ ತೂಕ ಹಿಡಿದಿಡುತ್ತವೆ.

ಮೂರು ನಾಲ್ಕು ವಾರ ತೂಗಿದ ಮೇಲೆ ಕಣ್ಣಿಗೇ ಅಳತೆ ಬರುತ್ತದೆ. ಆಮೇಲೆ ತಿಂಗಳಿಗೆ ಮೂರು ದಿನ ಎಣ್ಣೆ, ತುಪ್ಪ, ಬೀಜ ಇವಿಷ್ಟನ್ನೇ ತೂಗಿ ನೋಡಿದರೆ ಸಾಕು. ತಕ್ಕಡಿಯನ್ನು ಎತ್ತಿಡುವಾಗ ಬ್ಯಾಟರಿ ಬಿಚ್ಚಿಡಿ, ಒಳಗೇ ಬಿಟ್ಟರೆ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಮೇಲೆ ಪಾತ್ರೆ ಪೇರಿಸಬೇಡಿ; ಭಾರ ಹೊತ್ತು ಕೂತ ತಕ್ಕಡಿ ಆಮೇಲೆ ನಾಣ್ಯದ ಪರೀಕ್ಷೆಯಲ್ಲಿ 77ಕ್ಕೆ ಮರಳುವುದಿಲ್ಲ.