ಶ್ರಿಂಪ್ ಟ್ಯಾಂಕಿಗೆ ಅಂಗಡಿ ಗಿಡ ಹಾಕೋ ಮುಂಚೆ ಇದನ್ನ ಓದಿ

ಚೆರ್ರಿ ಶ್ರಿಂಪ್ (ಅಕ್ವೇರಿಯಂನಲ್ಲಿ ಸಾಕೋ ಪುಟ್ಟ ಕೆಂಪು ಸೀಗಡಿ) ಸಾಕ್ತಿರೋರು, ಸಾಕ್ಬೇಕು ಅಂತಿರೋರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಲ್ಲಿ ಒಂದು ಅಕ್ವೇರಿಯಂ ಅಂಗಡಿಯಿಂದ ತಂದ ಗಿಡದಿಂದ ನಮ್ಮನೆ ಟ್ಯಾಂಕಲ್ಲಿದ್ದ ಶ್ರಿಂಪ್ ಮುಕ್ಕಾಲು ಪಾಲು ಹೋದ್ವು. ಮರಿ ಮೇಲೆ ಮರಿ ಹಾಕ್ಕೊಂಡು ಚೆನ್ನಾಗಿದ್ದ ಟ್ಯಾಂಕ್, ಟೆಸ್ಟ್ ಮಾಡಿದ್ರೆ ಕೊಳಕಿಂದ ನೀರಲ್ಲಿ ಸೇರೋ ವಿಷ, ಅಂದ್ರೆ ಅಮೋನಿಯಾ ನೈಟ್ರೈಟ್, ಎರಡೂ 0, ನೀರೂ ಬದಲಾಯಿಸಿರ್ಲಿಲ್ಲ, ಹೊಸದಾಗಿ ಒಳಗೆ ಹೋಗಿದ್ದು ಆ ಗಿಡ ಒಂದೇ. ಶ್ರಿಂಪ್ ಟ್ಯಾಂಕಿಗೆ ಅಂತ ಹೇಳೇ ತಗೊಂಡಿದ್ದು, "ಏನೂ ಆಗಲ್ಲ ಮೇಡಂ, ತೊಳ್ದು ಹಾಕ್ಬಿಡಿ" ಅಂದಿದ್ರು.

ಗಿಡ ಹಾಕಿ ಕೆಲವು ಗಂಟೆ ಆಗಿತ್ತಷ್ಟೆ, ಯಾವಾಗ್ಲೂ ಪಾಚಿ ಕೆರ್ಕೊಂಡು ಕೂತಿರೋವೆಲ್ಲ ಟ್ಯಾಂಕ್ ತುಂಬಾ ಈಜೋಕೆ ಶುರು ಮಾಡಿದ್ವು. ವಿಡಿಯೋ ಮಾಡಿ ಅಂಗಡಿಯವ್ರಿಗೆ ವಾಟ್ಸಾಪ್ ಮಾಡಿದ್ರೆ "ಮೇಟಿಂಗ್ ಮೇಡಂ, ಒಳ್ಳೇದೇ ಅದು" ಅಂತ ರಿಪ್ಲೈ. ಆ ಒಂದು ಮಾತಿಗೆ ರಾತ್ರಿ ಪೂರ್ತಿ ಗಿಡ ಒಳಗೇ ಉಳೀತು, ನಂಗೆ ಇವತ್ತಿಗೂ ಸಿಟ್ಟು ಬರೋದು ಇದಕ್ಕೇ.

ಮೇಟಿಂಗ್ ಈಜು ಅನ್ನೋದು ಇದೆ, ಸುಳ್ಳಲ್ಲ. ಹೆಣ್ಣು ಚಿಪ್ಪು ಬಿಟ್ಟ ಮೇಲೆ ಮೈ ಮೆತ್ತಗಿರತ್ತೆ, ಆವಾಗ ನೀರಿಗೆ ಒಂದು ವಾಸನೆ ಬಿಡತ್ತೆ, ಗಂಡುಗಳೆಲ್ಲ ಅದನ್ನ ಹುಡ್ಕೊಂಡು ಹುಚ್ಚೆದ್ದಂಗೆ ಸುತ್ತುತ್ವೆ. ಆದ್ರೆ ಸುತ್ತೋದು ಗಂಡು ಮಾತ್ರ, ಅಂದ್ರೆ ಸಣ್ಣಕ್ಕೆ ತೆಳ್ಳಗೆ ಬಣ್ಣ ಕಮ್ಮಿ ಇರೋವು. ಚಿಪ್ಪು ಬಿಟ್ಟ ಹೆಣ್ಣು ಪಾಚಿ ಒಳಗೆ ಬಚ್ಚಿಟ್ಕೊಂಡಿರತ್ತೆ, ಮಿಕ್ಕ ಹೆಣ್ಣುಗಳು, ಮರಿಗಳು ತಮ್ಮ ಪಾಡಿಗೆ ತಿಂತಾ ಇರ್ತವೆ, ಕೆಲವು ಗಂಟೆ ಕಳೆದ್ರೆ ಎಲ್ಲ ತಣ್ಣಗಾಗತ್ತೆ.

ನಮ್ಮಲ್ಲಿ ಆಗಿದ್ದೇ ಬೇರೆ. ಮೊಟ್ಟೆ ಹೊತ್ತಿರೋ ಹೆಣ್ಣು, ಅಕ್ಕಿಕಾಳಿಗಿಂತ ಚಿಕ್ಕ ಮರಿ, ಒಂದೂ ಬಿಡದೆ ಎಲ್ಲ ಓಡ್ತಿದ್ವು, ಗಾಜಿಗೆ ಡಿಕ್ಕಿ ಹೊಡೀತಿದ್ವು, ಫಿಲ್ಟರ್ ಪೈಪ್ ಹಿಡ್ಕೊಂಡು ನೀರಿನ ಮೇಲ್ಗಡೆವರೆಗೂ ಹತ್ತುತಿದ್ವು. ಊಟ ಹಾಕಿದ್ರೆ ಒಂದೂ ಹತ್ರ ಬರ್ಲಿಲ್ಲ. ಬೆಳಗ್ಗೆ ನೋಡಿದ್ರೆ ಬ್ಯಾಲೆನ್ಸ್ ತಪ್ಪಿ ಪಕ್ಕಕ್ಕೆ ಬಿದ್ದು ಕಾಲು ಮಾತ್ರ ನಡುಗಿಸ್ತಿದ್ವು, ಒಂದು ಹೆಣ್ಣಂತೂ ಬಿದ್ದಲ್ಲೇ ಬಾಲ ಪಟಪಟ ಬಡೀತಾ ಗಿರಗಿರ ತಿರುಗ್ತಿತ್ತು. ಬಸವನಹುಳ, ಗಪ್ಪಿ ಎಲ್ಲ ಆರಾಮಾಗಿದ್ವು. ಬಸವನಹುಳಕ್ಕೆ ಏನೂ ಆಗದೆ ಶ್ರಿಂಪ್ ಮಾತ್ರ ಬೀಳ್ತಿದ್ರೆ ಮೊದಲು ಕೀಟನಾಶಕದ ಮೇಲೆ ಅನುಮಾನ ಪಡಿ. ನೀರಿಗೆ ತಾಮ್ರ ಸೇರಿದ್ದು ಕಾರಣ ಆಗಿದ್ರೆ ಸಾಮಾನ್ಯವಾಗಿ ಬಸವನಹುಳವೂ ಒದ್ದಾಡತ್ತೆ.

ಕಾರಣ ಏನಂದ್ರೆ, ಮಾರೋಕೆ ಬರೋ ಗಿಡ ಬಹಳಷ್ಟು ನರ್ಸರೀಲಿ ನೀರಿನ ಮೇಲೆ ಎಲೆ ಬಿಟ್ಟು ಬೆಳೆಸಿದ್ದು, ಹುಳ ಬರ್ದೇ ಇರ್ಲಿ ಅಂತ ಔಷಧಿ ಹೊಡೆದಿರ್ತಾರೆ. ಶ್ರಿಂಪ್ ಕೂಡ ಕೀಟಗಳ ಬಂಧುವೇ, ಆ ಔಷಧಿ ಅದರ ನರಕ್ಕೇ ಹೊಡೆಯತ್ತೆ. ಮೀನು ತಡ್ಕೊಳ್ಳೋ ಪ್ರಮಾಣ ಇದಕ್ಕೆ ವಿಷ. ಅಂಗಡಿ ಮೀನಿನ ಟ್ಯಾಂಕಲ್ಲಿ ಗಿಡ ಚೆನ್ನಾಗಿದೆ ಅಂದ್ರೆ ಶ್ರಿಂಪ್‌ಗೂ ಸೇಫ್ ಅಂತ ಅರ್ಥ ಅಲ್ಲ. ಗಿಡ ಕ್ಲೀನ್ ಮಾಡೋಕೆ ಬಳಸೋ ಪೊಟ್ಯಾಷಿಯಂ ಪರ್ಮಾಂಗನೇಟಲ್ಲಿ ಅದ್ದಿದ್ರೂ ಎಲೆ ಒಳಗೆ ಹೀರ್ಕೊಂಡಿರೋ ಔಷಧಿ ಹೋಗಲ್ಲ.

ಹಿಂಗೆ ಎಲ್ಲವೂ ಒಟ್ಟಿಗೆ ಓಡ್ತಿದ್ರೆ ಯಾರ ರಿಪ್ಲೈಗೂ ಕಾಯ್ಬೇಡಿ, ಗಿಡ ಮೊದ್ಲು ತೆಗೀರಿ. ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬಿಸಿ ಇರೋ ನೀರು ಬಕೆಟಲ್ಲಿದ್ರೆ ಶ್ರಿಂಪ್ ಅದಕ್ಕೆ ಶಿಫ್ಟ್ ಮಾಡಿ ಗಾಳಿಗುಳ್ಳೆ ಬಿಡೋ ಏರ್‌ಸ್ಟೋನ್ ಹಾಕಿ, ಟ್ಯಾಂಕ್ ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರ್ಕೊಳ್ಳೋ ಇದ್ದಿಲು) ಹಾಕಿ ನೀರು ಸ್ವಲ್ಪಸ್ವಲ್ಪನೇ ಬದಲಾಯಿಸಿ. ನಮ್ಮಲ್ಲಿ ಉಳಿದಿರೋವೆಲ್ಲ ಬಕೆಟಿಗೆ ಹಾಕಿದವೇ.

ಹೊಸ ಗಿಡ ಬೇಕಂದ್ರೆ ಟಿಶ್ಯೂ ಕಲ್ಚರ್, ಅಂದ್ರೆ ಲ್ಯಾಬಲ್ಲಿ ಜೆಲ್ ಮೇಲೆ ಬೆಳೆಸಿ ಕಪ್ಪಲ್ಲಿ ಬರೋದು ತಗೊಳ್ಳಿ, ಜೆಲ್ ತೊಳ್ದು ಹಾಕೋದು, ರೇಟ್ ಜಾಸ್ತಿ ಆದ್ರೂ ಪರ್ವಾಗಿಲ್ಲ. ಇಲ್ಲಾಂದ್ರೆ ಈಗಾಗ್ಲೇ ಶ್ರಿಂಪ್ ಸಾಕ್ತಿರೋರ ಟ್ಯಾಂಕಿಂದ ಕೇಳಿ ತಗೊಳ್ಳಿ. ಹಾಂ, ಜಿರಳೆ ಸ್ಪ್ರೇ, ಸೊಳ್ಳೆ ಲಿಕ್ವಿಡ್ ಕೂಡ ಇದೇ ಥರದ ವಿಷ, ಏರ್ ಪಂಪ್ ಆ ರೂಮಿನ ಗಾಳಿನೇ ಎಳ್ಕೊಂಡು ನೀರಿಗೆ ಬಿಡತ್ತೆ, ಅಪಾರ್ಟ್‌ಮೆಂಟಲ್ಲಿ ಪೆಸ್ಟ್ ಕಂಟ್ರೋಲ್ ಅಂದ್ರೆ ಟ್ಯಾಂಕ್ ಇರೋ ರೂಮ್ ಬಿಟ್ಬಿಡಿ ಅಂತ ಮುಂಚೆನೇ ಹೇಳಿ.